ಜೂನಿಯಾನೋ, ಜೂನಿಯಾಳೋ?

ಈ ಸಲ ಉಪ್ಪಿನಕಾಯಿ, ಚಟ್ನಿಪುಡಿ ಸುದ್ದಿ ಇಲ್ರೆವ್ವಾ. ಒಂದು ಹೆಸರಿನ ಸುದ್ದಿ ಅದ.

ಕ್ರಿಸ್ಮಸ್ ಸೂಟಿಗೆ ಬಂದಾಗ ಮಗಳು ಒಂದು ಇಂಗ್ಲಿಷ್ ಪುಸ್ತಕ ಬಿಟ್ಟು ಹೋದ್ಲು. ಎಲ್ಡನ್ ಎಪ್ ಅನ್ನೋ ಪಂಡಿತರು 2005ರಾಗ ಜೂನಿಯಾ ಅನ್ನೋ ಹೆಣ್ಣುಮಗಳ ಮ್ಯಾಲೆ ಬರೆದದ್ದು. ನಂದು ಪಿಯುಸಿ ಇಂಗ್ಲಿಷು. ಮಧ್ಯಾಹ್ನ ಭಾಂಡಿ ತಿಕ್ಕಿದ ಮ್ಯಾಲೆ ಡಿಕ್ಷನರಿ ಬಾಜೂಕ ಇಟ್ಕೊಂಡು ದಿನಾ ಎರಡೆರಡು ಪುಟ ಓದಿದೆ. ಮುಗಿಯೋದ್ರಾಗ ಬ್ಯಾಸಿಗಿ ಬಂತು.

ಸಂತ ಪೌಲ ರೋಮಾಪುರದ ಸಭೆಗೆ ಬರೆದ ಪತ್ರದ ಕಡೀ ಅಧ್ಯಾಯದಾಗ ಬರೇ ಹೆಸರುಗಳು. ಇಂಥವರಿಗೆ ವಂದನೆ, ಅಂಥವರಿಗೆ ವಂದನೆ. ಚರ್ಚಿನ್ಯಾಗ ಅದನ್ನ ಓದುವಾಗ ನಾನೂ ಆಕಳಿಸಿದಾಕಿನ. ಅಲ್ಲೇ ಏಳನೇ ವಚನದಾಗ ಅಂದ್ರೋನಿಕ ಮತ್ತ ಜೂನಿಯಾ ಅಂತ ಇಬ್ಬರು ಬರ್ತಾರ. ಪೌಲನ ಜೋಡಿ ಸೆರೆಮನಿ ಕಂಡವರು, ಅವನಕಿಂತ ಮೊದಲ ಯೇಸುಸ್ವಾಮಿಯನ್ನ ನಂಬಿದವರು, ಅಪೊಸ್ತಲರೊಳಗ ಹೆಸರಾದವರು. ಅಪೊಸ್ತಲರು ಅಂದ್ರ ಸುವಾರ್ತೆ ಸಾರಾಕ ಕಳಿಸಲ್ಪಟ್ಟವರು.

ನಾಲ್ಕನೇ ಶತಮಾನದ ಯೋಹಾನ ಕ್ರಿಸೊಸ್ತೋಮ ಅನ್ನೋ ದೊಡ್ಡ ಬೋಧಕ ಗ್ರೀಕ್ ಮಾತಾಡವನ. ಜೂನಿಯಾ ಹೆಣ್ಣು ಅಂತ ತಿಳಿದು, ಅಪೊಸ್ತಲ ಅನಿಸಿಕೊಳ್ಳೋವಷ್ಟು ಜ್ಞಾನ ಈಕಿಗೆ ಇತ್ತಲ್ಲಾ ಅಂತ ಹೊಗಳಿದ್ದ. ಮುಂದ ಬಂದವರಿಗೆ ಅದು ಗಂಟಲಾಗ ಇಳೀಲಿಲ್ಲ. ಗ್ರೀಕಿನ್ಯಾಗ ಅಕ್ಷರದ ಮ್ಯಾಲೆ ಹಾಕೋ ಸಣ್ಣ ಗೀಟು ಬದಲಾದ್ರ ಆ ಹೆಸರು ಗಂಡಾಗ್ತದ. ಹಳೇ ಕೈಬರಹದಾಗ ಆ ಗೀಟ ಇರಲಿಲ್ಲ. ಲೂಥರ್ ಸಾಹೇಬರೂ ಗಂಡಸು ಅಂತನ ತಿಳಿದ್ರು. 1927ರಾಗ ಪಂಡಿತರು ಬಳಸೋ ಗ್ರೀಕ್ ಪ್ರತಿಯೊಳಗ ಗಂಡುಹೆಸರ ಅಚ್ಚಾತು. ಅದು ತಿರುಗಿ ಹೆಣ್ಣಾಗಿದ್ದು 1998ರಾಗ.

ರೋಮಿನ ಹಳೇ ಶಾಸನದಾಗ ಜೂನಿಯಾ ಅನ್ನೋ ಹೆಣ್ಣುಹೆಸರು 250ಕ್ಕೂ ಹೆಚ್ಚು ಸಲ ಸಿಕ್ಕದ. ಅವರು ಹೇಳೋ ಆ ಗಂಡುಹೆಸರು ಒಂದೂ ಸಿಕ್ಕಿಲ್ಲ! ಅಪೊಸ್ತಲರಿಗೆ ಆಕಿ ಚಲೋ ಗೊತ್ತಿದ್ಲು, ಅಷ್ಟ ಅರ್ಥ ಅಂತ ವಾದ ಮಾಡೋ ಪಂಡಿತರೂ ಇದ್ದಾರ. ಆದ್ರ ಹೆಣ್ಣು ಅನ್ನೋದನ್ನ ಈಗ ಹೆಚ್ಚಿನವರು ಒಪ್ತಾರ.

ನಮ್ಮ ಕನ್ನಡದಾಗೂ ಹಂಗ ನೋಡ್ರಿ. ‘ಜೂನಿಯಾನಿಗೆ’ ಅಂದ್ರ ಗಂಡು, ‘ಜೂನಿಯಾಳಿಗೆ’ ಅಂದ್ರ ಹೆಣ್ಣು. ಒಂದ ಅಕ್ಷರ.

ನನಗ ಸಿಟ್ಟು ಬಂತು. ಪುಸ್ತಕ ಮುಚ್ಚಿ ಟ್ರಂಕಿನ್ಯಾಗ ಇಡಾಕ ಹೋದಾಗ ನಮ್ಮ ಸಭೆಯ ಹಳೇ ಸ್ಮರಣ ಸಂಚಿಕೆ ಕೈಗೆ ಬಂತು. ಅದರಾಗ ನಮ್ಮತ್ತಿ ಫೋಟೋ ಅದ. ಮೂವತ್ತು ವರ್ಷ ಸಂಡೇ ಸ್ಕೂಲ್ ನಡಿಸಿದವರು. ಓಣಿಯ ಎಷ್ಟೋ ಹೆಣ್ಣುಮಕ್ಕಳ ಕೈಹಿಡಿದು ತಮ್ಮ ತಮ್ಮ ಹೆಸರು ಬರಿಯೋದು ಕಲಿಸಿದವರು. ಫೋಟೋದ ಕೆಳಗ ಮಾವನವರ ಹೆಸರು ಬರದು, ಮುಂದ ‘ಮತ್ತು ಅವರ ಪತ್ನಿ’ ಅಂತ ಅಷ್ಟ ಅದ.

ಅದನ್ನ ಬರದು ಕೊಟ್ಟಾಕಿ ನಾನ. ಅತ್ತಿ ಹೆಸರು ಹಿಡಿದು ಬರೀಬಾರದು, ಅದ ಮರ್ಯಾದಿ ಅಂತ ತಿಳಿದಿದ್ದೆ. ಸಿಟ್ಟು ಯಾರ ಮ್ಯಾಲೆ ಮಾಡ್ಲಿ?

ಪೆನ್ನು ತಗೊಂಡು ಆ ಸಾಲಿನ ಬಾಜೂಕ ಅತ್ತಿ ಪೂರ್ತಿ ಹೆಸರು ಬರದೆ. ತವರುಮನಿ ಹೆಸರೂ ಹಾಕಿದೆ. ನಿಮ್ಮ ಕಡೆ ಆ ಸಂಚಿಕೆ ಇದ್ರ ನೀವೂ ಬರೀರಿ. ಹಂಗ ನಿಮ್ಮ ನಿಮ್ಮ ಮನ್ಯಾಗಿನ ಹಳೇ ಫೋಟೋದ ಹಿಂದೂ, ಹೇಳವರು ಇರೋತನಕ ಕೇಳಿ ಬರದು ಇಡ್ರಿ.