ದೋಣಿಮನೆಯ ಚಳಿಗೆ ಯಾವ ಬೆಂಕಿ?

ಕಾಶ್ಮೀರದಲ್ಲಿ ಚಳಿಗೂ ಹೆಸರುಗಳಿವೆ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’, ಅನಂತರ 20 ದಿನ ‘ಚಿಲ್ಲೈ ಖುರ್ದ್’, ಕೊನೆಯ 10 ದಿನ ‘ಚಿಲ್ಲೈ ಬಚ್ಚಾ’. ಮೊದಲ 40 ದಿನಗಳಲ್ಲಿ ನಲ್ಲಿಯ ನೀರು ಕೊಳವೆಯಲ್ಲೇ ಹೆಪ್ಪುಗಟ್ಟುವುದುಂಟು. ಶ್ರೀನಗರದ ದಾಲ್ ಸರೋವರದ ಮೇಲೂ ಅಲ್ಲಲ್ಲಿ ಮಂಜುಗಡ್ಡೆ ಮೂಡುತ್ತದೆ. ಹಿಮ ನೋಡುವ ಆಸೆಯಿಂದ ನಮ್ಮ ಕರಾವಳಿಯ ಕುಟುಂಬಗಳೂ ಈ ದಿನಗಳಲ್ಲಿ ಅಲ್ಲಿಗೆ ಹೋಗಿ ದೋಣಿಮನೆಗಳಲ್ಲಿ ತಂಗುತ್ತವೆ. ಫ್ಯಾನಿಲ್ಲದೆ ನಿದ್ದೆ ಬಾರದ ನಮಗೆ ಬೆಂಕಿಯ ಪಕ್ಕ ಮಲಗಿ ಅಭ್ಯಾಸವಿಲ್ಲ.

ದೋಣಿಮನೆಯ ಗೋಡೆ, ಚಾವಣಿ, ಕೆತ್ತನೆ ಎಲ್ಲವೂ ದೇವದಾರು ಮರದ್ದು. ಅದರ ಬೈಠಕ್ ಕೋಣೆಯಲ್ಲಿ ‘ಬುಖಾರಿ’ ಎಂಬ ತಗಡಿನ ಒಲೆಯಿರುತ್ತದೆ. ಸೌದೆಯ ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ಸ್ಥಳೀಯರ ಬಳಿ ‘ಕಾಂಗ್ರಿ’ ಇರುತ್ತದೆ: ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ಅದನ್ನು ಫೆರನ್ ಎಂಬ ನಿಲುವಂಗಿಯೊಳಗೆ ಹಿಡಿದು ಓಡಾಡುವುದನ್ನು ನೋಡಲು ಚೆಂದ. ಆದರೆ ವರ್ಷಗಟ್ಟಲೆ ತಗಲುವ ಆ ಬಿಸಿಯಿಂದ ತೊಡೆ, ಹೊಟ್ಟೆಯ ಚರ್ಮಕ್ಕೆ ಬರುವ ರೋಗಕ್ಕೆ ‘ಕಾಂಗ್ರಿ ಕ್ಯಾನ್ಸರ್’ ಎಂದೇ ಹೆಸರು.

ಬೆಂಕಿಯ ಭಯ ಸುಳ್ಳಲ್ಲ. 2023ರ ನವೆಂಬರ್‌ನಲ್ಲಿ ದಾಲ್‌ನ ದೋಣಿಮನೆಗಳಿಗೆ ಬೆಂಕಿ ಬಿದ್ದು ಬಾಂಗ್ಲಾದೇಶದ ಮೂವರು ಪ್ರವಾಸಿಗರು ತೀರಿಕೊಂಡರು. ಆದರೆ ಕಾಣುವ ಬೆಂಕಿಗಿಂತ ಕಾಣದ ಅನಿಲ ಹೆಚ್ಚು ಮೋಸಗಾರ. ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಸೌದೆ, ಗ್ಯಾಸ್ ಯಾವುದು ಉರಿದರೂ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸುತ್ತದೆ. ತಲೆನೋವು, ವಾಕರಿಕೆ, ಮಂಪರು. ಮಲಗಿದವರು ಏಳುವುದೇ ಇಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಗ್ಯಾಸ್ ಹೀಟರ್ ಹಚ್ಚಿ ಒಂದೇ ಕೋಣೆಯಲ್ಲಿ ಮಲಗಿದ್ದ ಕೇರಳದ ಎಂಟು ಮಂದಿ ಹೀಗೆಯೇ ಸಾವನ್ನಪ್ಪಿದರು. ಅವರಲ್ಲಿ ನಾಲ್ವರು ಮಕ್ಕಳು.

ಮಕ್ಕಳಿಗೆ ಚಳಿಯಾದೀತೆಂದು ತಾಯಂದಿರು ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತಾರೆ. ಉರಿಯುವ ಒಲೆಯಿರುವ ಕೋಣೆಯಲ್ಲಿ ಆ ಅಕ್ಕರೆಯೇ ಅಪಾಯ. ಆದ್ದರಿಂದ ಕೋಣೆ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿ: ಇದರ ಹೊಗೆ ಎಲ್ಲಿಗೆ ಹೋಗುತ್ತದೆ? ಸರಿಯಾದ ಕೊಳವೆಯಿರುವ ಬುಖಾರಿ ಸಂಜೆಯ ಬೈಠಕ್‌ಗೆ ಸಾಕು. ಕೊಳವೆಯಿಲ್ಲದ ಗ್ಯಾಸ್ ಹೀಟರ್ ಮತ್ತು ಕಾಂಗ್ರಿ ಮಲಗುವ ಕೋಣೆಗೆ ಬೇಡವೇ ಬೇಡ. ಬಯಲಿನ ಡೇರೆಗೂ ಇದೇ ಮಾತು. ವಿದ್ಯುತ್ ಕಂಬಳಿಯಿಂದ ಹಾಸಿಗೆ ಬೆಚ್ಚಗಾಗಿಸಿ, ಮಲಗುವಾಗ ಆರಿಸಿ. ಎಳೆಗೂಸುಗಳಿಗೆ ಅದು ಸಲ್ಲದು. ಉಣ್ಣೆಯ ಕಾಲುಚೀಲ, ಬಿಸಿನೀರಿನ ರಬ್ಬರ್ ಚೀಲ ಜೊತೆಗಿರಲಿ. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ, ಬ್ಯಾಟರಿಯ ಪುಟ್ಟ ಅಲಾರಂ ಸಿಗುತ್ತದೆ. ಹೊಗೆಯ ಅಲಾರಂ ಬೇರೆ, ಇದು ಬೇರೆ. ತಲೆ ಭಾರವೆನಿಸಿದರೆ ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ.

ಮಲಗುವಾಗ ಮನೆಯಲ್ಲಿ ಬೆಂಕಿ ಉರಿಯಲು ಬಿಡಬಾರದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ದೋಣಿಮನೆಯ ಯಜಮಾನ ಪ್ರೀತಿಯಿಂದ ಕೆಂಡ ತಂದಿಟ್ಟರೂ ಸಂಕೋಚ ಬೇಡ. ಶುಕ್ರಿಯಾ ಹೇಳಿ, ಹೊರಗಿಡಲು ಕೇಳಿಕೊಳ್ಳಿ; ಇನ್ನೊಂದು ರಜಾಯಿ ತರಿಸಿಕೊಳ್ಳಿ.