ಬಸವಣ್ಣನ ಐದು ರೂಪಾಯಿ

2006ರಲ್ಲಿ ಕೇಂದ್ರ ಸರ್ಕಾರ ಬಸವೇಶ್ವರರ ಸ್ಮರಣೆಗೆಂದು ಎರಡು ನಾಣ್ಯ ಹೊರಡಿಸಿತು. ಒಂದು, ಬೆಳ್ಳಿ ಬೆರೆತ ನೂರು ರೂಪಾಯಿಯದು. ಸಂಗ್ರಹಕಾರರ ಪೆಟ್ಟಿಗೆಗೆಂದೇ ಮಾಡಿದ್ದು. ಇನ್ನೊಂದು ಐದು ರೂಪಾಯಿಯದು. ನಾನು ಹಂಬಲಿಸುವುದು ಈ ಎರಡನೆಯದಕ್ಕೆ. ಹೊಳಲ್ಕೆರೆ ಸಂತೆಯಲ್ಲಿ ಸೊಪ್ಪು ಮಾರುವವಳ ಸೆರಗಿನ ಗಂಟಿನಿಂದ, ಹೊಸದುರ್ಗದ ಬಸ್ಸಿನ ಕಂಡಕ್ಟರ್ ಚೀಲದಿಂದ, ಹಿರಿಯೂರಿನ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಅದು ಚಿಲ್ಲರೆಯ ಜೊತೆ ಕೈಗೆ ಬರುತ್ತಿತ್ತು. ಈಗ ಬರುವುದಿಲ್ಲ.

ದಪ್ಪ ನಾಣ್ಯ. ಒಂಬತ್ತು ಗ್ರಾಂ ತೂಕ, ಅಗಲ 23 ಮಿಲಿಮೀಟರ್. ಅಂಚಿನ ನಡುವೆ ಸುತ್ತಲೂ ಸಣ್ಣದೊಂದು ತೋಡು. ಉಗುರಿಟ್ಟು ಎಳೆದರೆ ತಡೆದು ತಡೆದು ಸಾಗುತ್ತಿತ್ತು. ಒಂದು ಕಡೆ ಸಿಂಹದ ಲಾಂಛನ, ಇನ್ನೊಂದು ಕಡೆ ಬಸವಣ್ಣ. ಸುತ್ತ ಹೆಸರು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಬದುಕಿ, ಕನ್ನಡದಲ್ಲೇ ದೇವರೊಡನೆ ಜಗಳವಾಡಿದವನ ನಾಣ್ಯದಲ್ಲಿ ಒಂದು ಕನ್ನಡ ಅಕ್ಷರವಿಲ್ಲ. ಆ ಕೊರಗು ಅಂದೂ ಇತ್ತು, ಇಂದೂ ಇದೆ. ಆದರೂ ಬಿಜ್ಜಳನ ಭಂಡಾರ ನೋಡಿಕೊಂಡವನು, ರಾಜನ ಹಣ ಎಣಿಸಿದರೂ ಸಾಮಾನ್ಯರ ಕಾಯಕದ ಕಾಸನ್ನೇ ದೊಡ್ಡದೆಂದವನು, ಎಂಟು ಶತಮಾನ ಕಳೆದ ಮೇಲೆ ನಮ್ಮ ಜೇಬಿಗೇ ಬಂದನಲ್ಲ ಎಂದು ಮನೆಯವರೆಲ್ಲ ಹಿಗ್ಗಿದ್ದೆವು.

ಮೊದಲ ಸಲ ಅಪ್ಪ ಅದನ್ನು ಮನೆಗೆ ತಂದಾಗ ಅವ್ವ ತೊಳೆದು, ವಿಭೂತಿ ಹಚ್ಚಿ, ದೇವರ ಜಗುಲಿಯ ಮೇಲಿಟ್ಟಳು. ಎರಡನೆಯದನ್ನೂ ಹಾಗೇ ಇಡಲು ಹೋದಾಗ ಅಪ್ಪ ಬಿಡಲಿಲ್ಲ.

‘ಬಸವಣ್ಣನ್ನ ಕೊಟ್ಟು ಎಲೆ ಅಡಿಕೆ ತರ್ತೀರೇನು?’ ಅಂದಳು ಅವ್ವ.

‘ಓಡಾಡ್ಲಿ ಬಿಡೇ. ಆತ ಒಂದ್ಕಡೆ ಕೂತೋನಲ್ಲ’ ಅಂದರು ಅಪ್ಪ.

ಅವ್ವ ಇಟ್ಟದ್ದು ಉಳಿದಿದೆ. ಅಪ್ಪ ನಡೆಸಿದವೆಲ್ಲ ಹೋದವು. ಹಾಗಿದ್ದರೂ ನನ್ನ ಮನಸ್ಸು ಅಪ್ಪನ ಕಡೆಗೇ. ಪ್ರತಿಮೆಗೆ ವರ್ಷಕ್ಕೊಂದು ಹಾರ ಬೀಳುತ್ತದೆ. ನಾಣ್ಯದ ಮೇಲಿನ ಮುಖವನ್ನು ಕೂಲಿಯವನು, ಹೂವಿನವಳು, ಶಾಲೆಗೆ ಹೊರಟ ಹುಡುಗ ದಿನಾ ಮುಟ್ಟುತ್ತಾರೆ. ಇದಕ್ಕಿಂತ ದೊಡ್ಡ ಗೌರವ ನಾನು ಕಾಣೆ.

ನಮ್ಮ ಹಿರಿಯರು ದೇಶದ ನಾಯಕರನ್ನು ಕಂಡದ್ದೇ ಹೀಗೆ. 1964ರಲ್ಲಿ ನೆಹರೂ ತೀರಿಕೊಂಡ ಮೇಲೆ ಅವರ ಮುಖದ ರೂಪಾಯಿ ಬಂತು. 1969ರಲ್ಲಿ ಗಾಂಧೀಜಿ ಇಪ್ಪತ್ತು ಪೈಸೆಯ ಮೇಲೂ ಬಂದರು. ಹಿತ್ತಾಳೆಯಂತೆ ಹೊಳೆಯುತ್ತಿದ್ದ ಆ ನಾಣ್ಯವನ್ನು ಮುದುಕಿಯರು ಎಲೆಅಡಿಕೆ ಚೀಲದ ಒಳಖಾನೆಯಲ್ಲಿಟ್ಟು, ‘ಇದರಾಗೆ ಬಂಗಾರ ಐತೆ’ ಎಂದು ಮೊಮ್ಮಕ್ಕಳಿಗೂ ಕೊಡುತ್ತಿರಲಿಲ್ಲ. 1990ರಲ್ಲಿ ಅಂಬೇಡ್ಕರರ ಒಂದು ರೂಪಾಯಿ, 2007ರ ಜನ್ಮಶತಮಾನದ ನೆನಪಿಗೆ ಭಗತ್ ಸಿಂಗರ ಐದು ರೂಪಾಯಿ. ಓದು ಬಾರದವರೂ ಮುಖ ನೋಡಿ ಇಂಥವರೆಂದು ಗುರುತಿಸುತ್ತಿದ್ದರು.

ಚೀನಾದವರಿಗೂ ಇಂಥದೇ ಒಂದು ನೆನಪಿದೆ. ಅರಸೊತ್ತಿಗೆ ಉರುಳಿಸಿದ ಕ್ರಾಂತಿಯ ನಾಯಕ ಸನ್ ಯಾತ್ ಸೆನ್ ಅವರ ಮುಖವಿದ್ದ ಬೆಳ್ಳಿ ಡಾಲರ್. ಗಣರಾಜ್ಯ ಹುಟ್ಟಿದ 1912ರಲ್ಲಿ ಟಂಕಿಸಿದ್ದು ಇಂದು ಅಪರೂಪ. 1927ರಿಂದ ಅದನ್ನೇ ಅಪಾರವಾಗಿ ಟಂಕಿಸಿದರು, ಜನ ಸಂಬಳಕ್ಕೂ ಸಾಮಾನಿಗೂ ಬಳಸಿದರು. 1930ರ ದಶಕದಲ್ಲಿ ಅಮೆರಿಕ ಬೆಳ್ಳಿ ಕೊಳ್ಳತೊಡಗಿ ಬೆಲೆ ಏರಿತು, ಚೀನಾದ ಬೆಳ್ಳಿ ಹೊರಗೆ ಹರಿಯಿತು. 1935ರಲ್ಲಿ ಸರ್ಕಾರ ಬೆಳ್ಳಿಯನ್ನು ಕೈಬಿಟ್ಟು ಕಾಗದದ ಹಣಕ್ಕೆ ಹೋಯಿತು. ಮುಖಕ್ಕಿಂತ ಲೋಹ ತುಟ್ಟಿಯಾದರೆ ನಾಣ್ಯ ಉಳಿಯುವುದಿಲ್ಲ.

ನಮ್ಮ ದಪ್ಪ ಐದು ರೂಪಾಯಿಗೂ ಆದದ್ದು ಅದೇ. ತಾಮ್ರ ನಿಕಲ್ ತುಟ್ಟಿಯಾಗಿ, ನಾಣ್ಯಗಳನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ, ಕರಗಿಸಿ, ಕ್ಷೌರದ ಬ್ಲೇಡು ಮಾಡುತ್ತಾರೆಂದು ಆಗ ಪತ್ರಿಕೆಗಳು ಬರೆದವು. ಆಮೇಲೆ ತೆಳ್ಳನೆಯ ಸ್ಟೀಲಿನವು ಬಂದವು, ಆಮೇಲೆ ಹಳದಿ ಬಣ್ಣದವು. 2011ರ ಜೂನ್ 30ಕ್ಕೆ ನಾಲ್ಕಾಣೆಯೂ ಹೋಯಿತು. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲವೆಂದು ಅಂಗಡಿಗಳಲ್ಲಿ ಗುಲ್ಲೆದ್ದಾಗ, ಹದಿನಾಲ್ಕು ವಿನ್ಯಾಸಗಳೂ ಸಲ್ಲುತ್ತವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಬೇಕಾಯಿತು. ಈಗಂತೂ ಎಳನೀರಿನ ಗಾಡಿಗೂ ಕ್ಯೂಆರ್ ಕೋಡ್ ಅಂಟಿದೆ. ಅದರಿಂದ ಅನುಕೂಲವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಚೌಕದಲ್ಲಿ ಯಾರ ಮುಖವೂ ಇಲ್ಲ.

ನಾಣ್ಯ ಕಳೆದುಕೊಳ್ಳುವ ನೋವು ಚಿತ್ರದುರ್ಗದವರಿಗೆ ಒಂದು ತೂಕ ಹೆಚ್ಚೇ ಇರಬೇಕು. ಕೋಟೆಯ ಬದಿಯ ಚಂದ್ರವಳ್ಳಿಯಲ್ಲಿ 1909ರಲ್ಲಿ ಆರ್. ನರಸಿಂಹಾಚಾರ್ಯರು, ಬಳಿಕ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆಸಿದರು. ಅಲ್ಲಿ ದೊರೆತವುಗಳಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳಿವೆ, ಅವರ ಸಾಮಂತರಾದ ಮಹಾರಠಿಗಳವಿವೆ, ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯವಿವೆ. ಚೀನಾದ ನಾಣ್ಯವೊಂದರ ಉಲ್ಲೇಖವೂ ಇದೆ. ಅದು ಕ್ರಿಸ್ತಪೂರ್ವದ್ದೆಂಬ ಹಳೆಯ ಅಂದಾಜನ್ನು ಎಲ್ಲರೂ ಒಪ್ಪುವುದಿಲ್ಲ. ಕೋಟೆಯೊಳಗೆ ಪಾಳೆಯಗಾರರ ಟಂಕಸಾಲೆಯನ್ನು ಇಂದಿಗೂ ತೋರಿಸುತ್ತಾರೆ. ದುರ್ಗಿ ವರಹವೆಂಬ ಚಿನ್ನದ ನಾಣ್ಯಕ್ಕೆ ಈ ಊರಿನದೇ ಹೆಸರು. ಯಾರದೋ ಸೊಂಟದಿಂದ ಜಾರಿದ ಕಾಸು ಎರಡು ಸಾವಿರ ವರ್ಷದ ನಂತರ, ಇಲ್ಲಿಗೆ ಇಂಥವರು ಬಂದಿದ್ದರು, ಕೊಟ್ಟಿದ್ದರು, ಕೊಂಡಿದ್ದರು ಎಂದು ಸಾಕ್ಷಿ ಹೇಳುತ್ತದೆ. ನಮ್ಮ ಕಾಲ ನೆಲಕ್ಕೆ ಏನನ್ನು ಬೀಳಿಸಿ ಹೋಗುತ್ತದೆ?

ಉಳಿದಿರುವ ಬಸವಣ್ಣಗಳನ್ನು ಈಗ ಅಂತರ್ಜಾಲದಲ್ಲಿ ಬಾಯಿಗೆ ಬಂದ ಬೆಲೆಗೆ ಮಾರಲಿಟ್ಟಿರುತ್ತಾರೆ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ಮೋಸ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಕಾಯಕದ ಮಾತಾಡಿದವನ ನಾಣ್ಯ ಬೆವರಿಲ್ಲದ ಲಾಭದ ಸರಕಾಗುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮತ್ತೊಮ್ಮೆ ಬಸವಣ್ಣನ ನಾಣ್ಯ ಟಂಕಿಸುವ ದಿನ ಬಂದರೆ, ಮಖಮಲ್ ಪೆಟ್ಟಿಗೆಯ ನೂರು ರೂಪಾಯಿಯದು ಬೇಡ. ಐದರದ್ದೋ ಹತ್ತರದ್ದೋ ಇರಲಿ, ಹೆಸರು ಕನ್ನಡದಲ್ಲೂ ಇರಲಿ, ಹೊಸದುರ್ಗದ ಬಸ್ಸಿನಲ್ಲಿ ಟಿಕೆಟ್ ಕೊಂಡು ಮಿಕ್ಕ ಚಿಲ್ಲರೆಗೆ ಕೈಯೊಡ್ಡಿದಾಗ ಸಿಗುವಷ್ಟು ಇರಲಿ.