ಎಲ್ಲರ ಸೋದರಮಾವ

‘ಕಾಸಾಬ್ಲಾಂಕಾ’ ನೋಡುವವರೆಲ್ಲ ಹಂಫ್ರಿ ಬೊಗಾರ್ಟ್‌ನ ವಿರಹದಲ್ಲಿ ಮುಳುಗುತ್ತಾರೆ. ನನಗೋ, ಆ ಚಿತ್ರದ ಹೋಟೆಲಿನ ಗುಂಡುಮುಖದ ಹಿರಿಯ ಮಾಣಿ ಕಾರ್ಲ್ ಯಾವ ಮೇಜಿನ ಕಡೆ ಹೊರಟ ಎಂಬುದರದೇ ಚಿಂತೆ. ಆ ಪೋಷಕ ನಟನ ಹೆಸರು ಎಸ್. ಝಡ್. ಸಕಾಲ್. ಗಾಬರಿಯಾದರೆ ಎರಡೂ ಕೈ ಕೆನ್ನೆಗೆ ಹೋಗುತ್ತವೆ. ಜೋತ ಗಲ್ಲಗಳು ಒಮ್ಮೆ ಅದುರಿ ಸುಮ್ಮನಾಗುತ್ತವೆ. ನನ್ನ ಸೋದರಮಾವನೂ ಥೇಟ್ ಹೀಗೆಯೇ. ಮದುವೆಮನೆಯಲ್ಲಿ ಕೊನೆಯ ಪಂಕ್ತಿ ಏಳುವ ತನಕ ತಾನು ಎಲೆಯ ಮುಂದೆ ಕೂರುತ್ತಿರಲಿಲ್ಲ. ತೊವ್ವೆಗೆ ಉಪ್ಪು ಕಮ್ಮಿ ಎಂಬ ಸುದ್ದಿ ಬಂದರೆ ಸಾಕು, ಕೆನ್ನೆ ಹಿಡಿದುಕೊಂಡು ಅಡುಗೆಮನೆಗೆ ಧಾವಿಸುತ್ತಿದ್ದ.

ಸಕಾಲ್ 1883ರಲ್ಲಿ ಬುಡಾಪೆಸ್ಟಿನ ಯಹೂದಿ ಮನೆಯಲ್ಲಿ ಹುಟ್ಟಿದವನು. ಹಾಸ್ಯ ಪ್ರಹಸನಗಳನ್ನು ಬರೆಯುತ್ತ ರಂಗಕ್ಕೆ ಬಂದು, ಬರ್ಲಿನ್ನಿನ ಚಿತ್ರಗಳಲ್ಲಿ ಹೆಸರು ಮಾಡಿದ. 1933ರಲ್ಲಿ ಹಿಟ್ಲರ್ ಬಂದ. ಸಕಾಲ್ ಹಂಗರಿಗೆ ಮರಳಿದ. ಅಲ್ಲೂ ನೆಲ ಬಿಸಿಯಾಗತೊಡಗಿದಾಗ, ಅಮೆರಿಕಕ್ಕೆ ಹೊರಟ. ಉಳಿದವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇವನು ಇಂಗ್ಲಿಷ್ ಕಲಿಯಲು ಕೂತ. ಪಾಠ ಅಷ್ಟೇನೂ ಹತ್ತಲಿಲ್ಲ ಎಂಬುದೇ ಹಾಲಿವುಡ್ಡಿಗೆ ಲಾಭವಾಯಿತು. ಆ ಮುರುಕು ಇಂಗ್ಲಿಷ್ ಕೇಳಲೆಂದೇ ಜನ ಟಿಕೆಟ್ ಕೊಂಡರು.

‘ಕಾಸಾಬ್ಲಾಂಕಾ’ದಲ್ಲಿ ಜರ್ಮನ್ ಅಧಿಕಾರಿಗೆ ಒಳ್ಳೆಯ ಮೇಜು ಕೊಡು ಎಂದು ಪೊಲೀಸ್ ಕ್ಯಾಪ್ಟನ್ ಹೇಳುತ್ತಾನೆ. ಆಗಲೇ ಕೊಟ್ಟಾಯಿತು, ಜರ್ಮನರಲ್ಲವೇ, ಕೊಡದಿದ್ದರೂ ತೆಗೆದುಕೊಳ್ಳುತ್ತಾರೆ ಎನ್ನುತ್ತಾನೆ ಕಾರ್ಲ್, ವಿನಯಕ್ಕೆ ಒಂದಿಷ್ಟೂ ಕುಂದು ಬರದ ಹಾಗೆ. ಇನ್ನೊಂದು ದೃಶ್ಯದಲ್ಲಿ, ಅಮೆರಿಕಕ್ಕೆ ಹೊರಟ ವೃದ್ಧ ದಂಪತಿ ಅವನೆದುರು ಇಂಗ್ಲಿಷಿನಲ್ಲಿ ಗಂಟೆ ಎಷ್ಟೆಂದು ತಪ್ಪುತಪ್ಪಾಗಿ ವಿಚಾರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ನಿಮಗೇನೂ ತೊಂದರೆಯಾಗದು ಎಂದು ಕಾರ್ಲ್ ಮೆಚ್ಚಿಕೊಳ್ಳುತ್ತಾನೆ. ನಾನು ಪ್ರತಿ ಸಲವೂ ನಗುತ್ತೇನೆ. ಆಮೇಲೆ ನೆನಪಾಗುತ್ತದೆ: ದಂಪತಿಯಾದ ಇಲ್ಕಾ ಗ್ರೂನಿಂಗ್, ಲುಡ್ವಿಗ್ ಸ್ಟಾಸೆಲ್ ಇಬ್ಬರೂ ನಾಜಿಗಳಿಂದ ತಪ್ಪಿಸಿಕೊಂಡು ಬಂದವರೇ. ಆ ಮೇಜಿನ ಸುತ್ತ ಇದ್ದ ಮೂವರಿಗೂ ಅದು ಬರೀ ನಟನೆಯಾಗಿರಲಿಲ್ಲ.

ಸ್ಟುಡಿಯೋ ಮಾಲೀಕ ಜ್ಯಾಕ್ ವಾರ್ನರ್ ಸಕಾಲ್‌ಗೆ ‘ಕಡಲ್ಸ್’ ಎಂದು ಮುದ್ದಿನ ಹೆಸರಿಟ್ಟ. ಅರವತ್ತರ ಆಸುಪಾಸಿನ ಗಂಡಸಿಗೆ ಇಂಥ ಹೆಸರು ಹಿಡಿಸೀತೇ? ಆದರೂ ಅದು ಪರದೆಯ ಮೇಲೆ ಅಚ್ಚಾಯಿತು. ಒಲ್ಲದ ಅಡ್ಡಹೆಸರನ್ನು ಹೊತ್ತೇ ಆತ ಅಮೆರಿಕದ ಮನೆಮನೆಗೂ ಸೋದರಮಾವನಾದ. ‘ಕ್ರಿಸ್‌ಮಸ್ ಇನ್ ಕನೆಕ್ಟಿಕಟ್’ ಚಿತ್ರದಲ್ಲಿ, ಅಡುಗೆ ಬಾರದ ಅಡುಗೆ ಅಂಕಣಕಾರ್ತಿಯ ಮಾನ ಕಾಯುವವನೂ ಇವನೇ. ಆದರೆ ಸೋದರಮಾವ ಎನಿಸಿಕೊಳ್ಳಲು ಮೊದಲು ಅಕ್ಕತಂಗಿಯರಿರಬೇಕು. ಸಕಾಲ್‌ಗೂ ಮೂವರು ಸೋದರಿಯರಿದ್ದರು. ಮೂವರೂ ನಾಜಿಗಳ ಶಿಬಿರಗಳಲ್ಲಿ ತೀರಿಹೋದರು.

1954ರಲ್ಲಿ ಆತನ ಆತ್ಮಕಥೆ ಬಂತು. ಚಕ್ರವರ್ತಿ ಫ್ರಾನ್ಸ್ ಜೋಸೆಫ್, ಅಡಾಲ್ಫ್ ಹಿಟ್ಲರ್, ವಾರ್ನರ್ ಬ್ರದರ್ಸ್ – ಇವರ ಆಳ್ವಿಕೆಯಲ್ಲಿ ತಾನು ಕಳೆದ ಬದುಕಿದು ಎಂದು ಶೀರ್ಷಿಕೆಯಲ್ಲೇ ಸಾರಿದ್ದ. ಸೋದರಿಯರನ್ನು ಕಳೆದುಕೊಂಡವನು ಹಿಟ್ಲರನನ್ನು ಸಿನಿಮಾ ಕಂಪನಿಯ ಪಕ್ಕ ನಿಲ್ಲಿಸಿ ನಗಬಲ್ಲನೆಂದರೆ, ಆ ನಗುವಿಗೆ ಅವನು ತೆತ್ತ ಬೆಲೆ ಎಷ್ಟಿದ್ದೀತು!

ಅದೇ ವರ್ಷದ ‘ದಿ ಸ್ಟೂಡೆಂಟ್ ಪ್ರಿನ್ಸ್’ ಅವನ ಕೊನೆಯ ಚಿತ್ರ. ಅದರಲ್ಲೂ ಬಂದವರನ್ನು ಉಪಚರಿಸುವ ವಸತಿಗೃಹದ ಯಜಮಾನನೇ. 1955ರ ಫೆಬ್ರವರಿಯಲ್ಲಿ, 72ರ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನಲ್ಲಿ ತೀರಿಕೊಂಡ.